ಜೊತೆ ಸರಿಯಿಲ್ಲದಿದ್ದರೆ ಆಟ ರುಚಿಸುತ್ತದೆಯೇ? ಹಲವರು ಸೇರಿ ಆಡುವ ವಿಡಿಯೊ ಗೇಮ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

2018ರಿಂದ ನಮ್ಮದೊಂದು ಸಣ್ಣ ತಂಡ ಶುಕ್ರವಾರ ರಾತ್ರಿ ಊಟವಾದ ಮೇಲೆ ಸೇರಿ ಆಡುತ್ತ ಬಂದಿದೆ. ನಾನು ಶಿವಮೊಗ್ಗದ ವಿನೋಬನಗರದವನು. ಒಬ್ಬ ಗೆಳೆಯ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ, ಇನ್ನೊಬ್ಬರು ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಮೇಷ್ಟ್ರು, ನಾಲ್ಕನೆಯವನು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಚಿಕ್ಕಪ್ಪನ ಮಗ. ನಡುವೆ ಮುಖಗಳು ಬದಲಾಗಿವೆ, ಆಟಗಳೂ ಬದಲಾಗಿವೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಅಂಗಡಿಯ ಮುಂದೆ ಸಿಕ್ಕವರು ಕೇಳುವ ಪ್ರಶ್ನೆಗಳನ್ನು ಒಂದೆಡೆ ಸೇರಿಸಿ ಉತ್ತರ ಬರೆದಿದ್ದೇನೆ.

ಇಂಥ ಆಟಗಳ ಸಂತೋಷ ನಿಜವಾಗಿಯೂ ಜೊತೆಗಾರರ ಮೇಲೆ ನಿಂತಿದೆಯೇ?

ಬಹುಮಟ್ಟಿಗೆ ಹೌದು. ನಮಗೆ ಇದು ತಿಳಿದದ್ದು ಯಾರೂ ಬಯಸದೆ ನಡೆದುಹೋದ ಒಂದು ಪರೀಕ್ಷೆಯಿಂದ.

2018ರಲ್ಲಿ ಪಬ್‌ಜಿ ಮೊಬೈಲ್ ಬಂದಾಗ ನಾವು ನಾಲ್ವರಿದ್ದೆವು: ನಾನು, ತೀರ್ಥಹಳ್ಳಿಯ ಗೆಳೆಯ, ಚಿಕ್ಕಪ್ಪನ ಮಗ ಮತ್ತು ಭದ್ರಾವತಿಯ ಇನ್ನೊಬ್ಬ. ನೂರು ಜನ ವಿಮಾನದಿಂದ ದ್ವೀಪವೊಂದಕ್ಕೆ ಧುಮುಕುತ್ತಾರೆ, ಕೊನೆಗೆ ಉಳಿದ ತಂಡ ಗೆಲ್ಲುತ್ತದೆ, ಆಟ ಇಷ್ಟೇ. ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲದ ಎರಾಂಗಲ್ ಎಂಬ ಆ ದ್ವೀಪದ ಒಂದೊಂದು ಮನೆಯೂ ನಮಗೆ ಗೊತ್ತಿತ್ತು. ಭದ್ರಾವತಿಯವನು ಎಲ್ಲಿ ಇಳಿದರೂ ಮೊದಲು ಜೀಪು ಹುಡುಕುತ್ತಿದ್ದ. ಸಿಕ್ಕ ಕೂಡಲೇ ನಮ್ಮನ್ನೆಲ್ಲ ಹತ್ತಿಸಿಕೊಂಡು, ಗುಂಡಿನ ಸದ್ದು ಕೇಳಿದ ಕಡೆಗೇ ಓಡಿಸುತ್ತಿದ್ದ. ಗೆದ್ದ ರಾತ್ರಿಗಳು ಕಡಿಮೆ. ಆದರೆ ಶನಿವಾರ ಬೆಳಿಗ್ಗೆ ಹಲ್ಲುಜ್ಜುವಾಗ ಆ ಜೀಪು ನೆನಪಾಗಿ ನಗು ಬರುತ್ತಿತ್ತು.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಆ ಆಟವನ್ನು ನಿಷೇಧಿಸಿತು. ಆಟ ಹೋಯಿತು, ಜೊತೆ ಉಳಿಯಿತು. ಕೆಲವೇ ದಿನಗಳಲ್ಲಿ ನಾವು ಲೂಡೊ ಕಿಂಗ್ ಹಾಕಿಕೊಂಡು, ಪಕ್ಕದಲ್ಲಿ ಮನೆಯವರ ಫೋನಿನಲ್ಲಿ ಕರೆ ಇಟ್ಟುಕೊಂಡು ಆಡತೊಡಗಿದೆವು. ಅಜ್ಜಿಯ ಚೌಕಾಬಾರಕ್ಕಿಂತ ಹೆಚ್ಚಿನದೇನೂ ಇಲ್ಲದ ಆಟ ಅದು. ಆಮೇಲೆ ಅಮಾಂಗ್ ಅಸ್ ಬಂತು. ಬಾಹ್ಯಾಕಾಶ ನೌಕೆಯಲ್ಲಿರುವವರ ನಡುವೆ ಒಬ್ಬ ಮೋಸಗಾರ ಅಡಗಿರುತ್ತಾನೆ, ಅವನು ಯಾರೆಂದು ಮಾತಿನಲ್ಲೇ ಪತ್ತೆ ಹಚ್ಚಬೇಕು. ಇಪ್ಪತ್ತು ವರ್ಷದಿಂದ ಬಲ್ಲ ಗೆಳೆಯ ಸುಳ್ಳು ಹೇಳುವಾಗ ದನಿ ಹೇಗೆ ಸ್ವಲ್ಪ ಇಳಿಯುತ್ತದೆ ಎಂಬುದು ಗೊತ್ತಿದ್ದರೆ ಆ ಆಟಕ್ಕೆ ಬೇರೆಯದೇ ರುಚಿ. ಆ ವರ್ಷ ನಾವು ನಕ್ಕಷ್ಟು ಎಂದೂ ನಕ್ಕಿರಲಿಲ್ಲ.

2021ರ ಜುಲೈ 2ರಂದು ಹಳೆಯ ಆಟವೇ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೆಸರಿನಲ್ಲಿ ಮರಳಿತು. ಅಷ್ಟರಲ್ಲಿ ಭದ್ರಾವತಿಯವನು ಕೆಲಸದ ಮೇಲೆ ಮಸ್ಕತ್‌ಗೆ ಹೋಗಿದ್ದ, ಚಿಕ್ಕಪ್ಪನ ಮಗನಿಗೆ ರಾತ್ರಿ ಪಾಳಿ. ಉಳಿದ ಇಬ್ಬರು, ಆಟವೇ ಒದಗಿಸುವ ಇಬ್ಬರು ಅಪರಿಚಿತರೊಂದಿಗೆ ಅದೇ ದ್ವೀಪಕ್ಕೆ ಇಳಿದೆವು. ಅದೇ ಮನೆಗಳು, ಅದೇ ಸೇತುವೆ, ಅದೇ ಜೀಪು. ಜೀಪು ಕಂಡರೂ ಹತ್ತುವ ಮನಸ್ಸಾಗಲಿಲ್ಲ. ಮೂರು ವಾರ ಆಡಿ ಬಿಟ್ಟೆವು. ಆಟದಲ್ಲಿ ಒಂದು ಕೂದಲೂ ಕೊಂಕಿರಲಿಲ್ಲ.

ಹಾಗಾದರೆ ಆಟಕ್ಕೆ ತನ್ನದೇ ಗುಣವಿಲ್ಲವೇ? ಒಳ್ಳೆಯ ಗೆಳೆಯರಿದ್ದರೆ ಯಾವ ಆಟವಾದರೂ ಆದೀತೇ?

ಒಂದು ಸಂಜೆಗೆ ಆದೀತು. ಅಡಿಕೆ ಸುಲಿಯುವುದನ್ನೇ ನೋಡಿ. ಮೆಟ್ಟುಗತ್ತಿಯ ಮುಂದೆ ಕೂತು ಒಂದೊಂದೇ ಕಾಯಿಯ ಸಿಪ್ಪೆ ಬಿಡಿಸುವುದರಲ್ಲಿ ಯಾವ ಸ್ವಾರಸ್ಯವೂ ಇಲ್ಲ, ಬೆರಳು ಕಪ್ಪಾಗುತ್ತದೆ, ಸೊಂಟ ಹಿಡಿಯುತ್ತದೆ. ಆದರೂ ಕೊಯ್ಲಿನ ದಿನಗಳಲ್ಲಿ ಹತ್ತು ಜನ ಸೇರಿ ರಾತ್ರಿ ಹನ್ನೊಂದರವರೆಗೆ ಸುಲಿದ ನೆನಪನ್ನು ನಮ್ಮ ಕಡೆಯ ಹಿರಿಯರು ಇಂದಿಗೂ ಆಸೆಯಿಂದ ಹೇಳುತ್ತಾರೆ. ಮಾತು, ಹಾಡು, ನಡುವೆ ಬರುವ ಕಾಫಿ, ಯಾರದೋ ಮನೆಯ ಸುದ್ದಿ, ಇವೆಲ್ಲ ಆ ಕೆಲಸವನ್ನು ಹೊತ್ತು ನಡೆಸಿದವು. ಹಾಗೆಂದು ಅದನ್ನೇ ಆಟವೆಂದು ಕರೆದು ವರ್ಷವಿಡೀ ಆಡಿ ಎಂದರೆ ಯಾರೂ ಬರುವುದಿಲ್ಲ.

ಜೊತೆಗಾರರ ನಡುವೆ ಏನಾದರೊಂದು ನಡೆಯುವಂತೆ ಮಾಡುವುದು ಒಳ್ಳೆಯ ಆಟದ ಕೆಲಸ. 1987ರಲ್ಲಿ ಬಂದ ಕಾಂಟ್ರಾವನ್ನು ಟಿವಿಗೆ ಜೋಡಿಸಿ ಆಡಿದವರಿಗೆ ಅದರ ಜಲಪಾತದ ಹಂತ ನೆನಪಿರುತ್ತದೆ. ಇಬ್ಬರೂ ಬಂಡೆಯಿಂದ ಬಂಡೆಗೆ ನೆಗೆಯುತ್ತ ಮೇಲೇರಬೇಕು. ಮುಂದಿರುವವನು ಏರಿದಂತೆ ಪರದೆಯೂ ಮೇಲೇರುತ್ತದೆ, ಕೆಳಗೆ ಉಳಿದವನು ಪರದೆಯ ಅಂಚಿಗೆ ಸಿಕ್ಕಿ ಸಾಯುತ್ತಾನೆ. ಶತ್ರುವಿನ ಗುಂಡೇ ಬೇಕಿಲ್ಲ, ಗೆಳೆಯನ ಅವಸರ ಸಾಕು. ನಾನು ಏಳನೆಯ ತರಗತಿಯಲ್ಲಿದ್ದಾಗ ಅಣ್ಣನೊಂದಿಗೆ ಇದನ್ನು ಆಡುತ್ತಿದ್ದೆ. ಅವನು ಒಂದು ಬಂಡೆ ಏರಿ, ಬಟನ್ನಿನಿಂದ ಬೆರಳು ತೆಗೆದು, ನನ್ನ ಕಡೆ ತಿರುಗಿ ‘ಬಾ’ ಎಂದು ಕಾಯುತ್ತಿದ್ದ. ನೆರೆಮನೆಯ ಹುಡುಗ ಕಾಯುತ್ತಿರಲಿಲ್ಲ. ಕ್ಯಾಸೆಟ್ ಒಂದೇ, ಜಲಪಾತ ಒಂದೇ. ಅಣ್ಣನ ಕಾಯುವಿಕೆಗೂ ನೆರೆಯವನ ಅವಸರಕ್ಕೂ ಬೆಲೆ ಬರುವಂತೆ ಆ ಹಂತವನ್ನು ಯಾರೋ ಯೋಚಿಸಿ ಕಟ್ಟಿದ್ದರು. ಆಟದ ಗುಣವೆಂದರೆ ನನ್ನ ಮಟ್ಟಿಗೆ ಇದೇ.

2021ರ ಇಟ್ ಟೇಕ್ಸ್ ಟು ಈ ದಾರಿಯಲ್ಲಿ ಬಹಳ ದೂರ ಹೋಗಿದೆ. ಅದನ್ನು ಒಬ್ಬರೇ ಆಡಲು ಬರುವುದೇ ಇಲ್ಲ. ಮುರಿಯುತ್ತಿರುವ ಸಂಸಾರದ ಗಂಡ ಹೆಂಡತಿ ಪುಟ್ಟ ಬೊಂಬೆಗಳಾಗಿಬಿಡುತ್ತಾರೆ. ಒಂದು ಹಂತದಲ್ಲಿ ಒಬ್ಬರ ಕೈಗೆ ಮೊಳೆ, ಇನ್ನೊಬ್ಬರ ಕೈಗೆ ಸುತ್ತಿಗೆ. ಅವರು ಮೊಳೆ ಎಸೆದು ಗೋಡೆಗೆ ನಾಟಿದರೆ ಮಾತ್ರ ಇವರು ಸುತ್ತಿಗೆ ಸಿಕ್ಕಿಸಿ ಜೋತಾಡಿ ದಾಟಬಹುದು. ಇಬ್ಬರಲ್ಲಿ ಒಬ್ಬರು ಆಟ ಕೊಂಡರೆ ಸಾಕು, ಗೆಳೆಯರಿಗೆ ಅದು ಉಚಿತ. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟವೆಂಬ ಪ್ರಶಸ್ತಿ ಅದಕ್ಕೇ ಬಂತು. ಜೊತೆಯಿಲ್ಲದೆ ಬಾಗಿಲೇ ತೆರೆಯದ ಆಟಕ್ಕೆ ಆ ಮನ್ನಣೆ ಸಿಕ್ಕಿದ್ದು ನನಗೆ ಬಹಳ ಖುಷಿ ಕೊಟ್ಟಿತ್ತು.

ಒಳ್ಳೆಯ ಜೊತೆ ಎಂದರೆ ಚೆನ್ನಾಗಿ ಆಡುವವರೇ?

ಅಲ್ಲ. ಹೆಚ್ಚು ಮಂದಿ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಪಬ್‌ಜಿಯಲ್ಲಿ ಗುಂಡು ತಿಂದವನು ಕೂಡಲೇ ಸಾಯುವುದಿಲ್ಲ. ನೆಲಕ್ಕೆ ಬಿದ್ದು ಅಂಬೆಗಾಲಿಡುತ್ತಾನೆ, ಜೊತೆಗಾರ ಬಂದು ಹತ್ತು ಸೆಕೆಂಡು ಪಕ್ಕದಲ್ಲಿ ಕೂತರೆ ಮತ್ತೆ ಏಳುತ್ತಾನೆ. ಒಂದು ರಾತ್ರಿ ನಾನು ಬಟಾಬಯಲಿನಲ್ಲಿ ಬಿದ್ದಿದ್ದೆ. ಬರಬೇಡ, ಇಬ್ಬರೂ ಸಾಯುತ್ತೇವೆ ಎಂದೆ. ತೀರ್ಥಹಳ್ಳಿಯವನು ಮಾತನಾಡದೆ ಹೊಗೆಯ ಡಬ್ಬಿ ಎಸೆದು, ಬಿಳಿ ಹೊಗೆಯೊಳಗೆ ಓಡಿ ಬಂದು ಕೂತ. ಪರದೆಯ ಮೇಲೆ ಸೆಕೆಂಡುಗಳು ಇಳಿಯುತ್ತಿದ್ದವು: ನಾಲ್ಕು, ಮೂರು, ಎರಡು. ಎರಡಕ್ಕೆ ಗುಂಡು ಬಂತು, ಇಬ್ಬರೂ ಹೋದೆವು. ಅವನ ಮನೆಯ ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಮೈಕಿನಲ್ಲಿ ಕೇಳುತ್ತಿತ್ತು. ‘ಇನ್ನೆರಡು ಸೆಕೆಂಡು ಇತ್ತು ಮಾರಾಯ’ ಎಂದ, ಅಷ್ಟೇ. ಲೆಕ್ಕದಲ್ಲಿ ಅದು ದಡ್ಡತನ. ಆದರೆ ನಾನು ಇವತ್ತಿಗೂ ಅವನೊಂದಿಗೆ ಆಡುತ್ತಿರುವುದಕ್ಕೆ ಕಾರಣಗಳಲ್ಲಿ ಆ ಹೊಗೆಯೂ ಒಂದು.

ಅದೇ ಆಟದಲ್ಲಿ ಒಮ್ಮೆ ಸಿಕ್ಕ ಅಪರಿಚಿತನೊಬ್ಬ ಹದಿನಾಲ್ಕು ಜನರನ್ನು ಒಬ್ಬನೇ ಉರುಳಿಸಿ ನಮ್ಮನ್ನು ಗೆಲ್ಲಿಸಿದ. ಅಷ್ಟೂ ಹೊತ್ತು ನಮ್ಮ ಪ್ರತಿ ಹೆಜ್ಜೆಗೂ ಬೈದ. ಗೆದ್ದದ್ದು ನೆನಪಿದೆ, ಗೆದ್ದ ಸಂತೋಷ ನೆನಪಿಲ್ಲ.

ಜೊತೆ ಕೂಡಿಬರುವುದಕ್ಕೆ ಕೈಚಳಕಕ್ಕಿಂತ ಮುಖ್ಯವಾದದ್ದು, ಎಲ್ಲರೂ ಒಂದೇ ಕಾರಣಕ್ಕೆ ಬಂದಿರುವುದು. ಮಳೆಗಾಲದಲ್ಲಿ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರ್ಥಧಾರಿ ಎಷ್ಟೇ ವಿದ್ವಾಂಸನಾಗಿರಲಿ, ಎದುರು ಕೂತ ಅರ್ಥಧಾರಿ ಪ್ರಸಂಗವನ್ನು ಬೆಳೆಸಲು ಬಂದಿದ್ದಾನೆಯೇ, ಇವನನ್ನು ಬಾಯಿ ಮುಚ್ಚಿಸಲು ಬಂದಿದ್ದಾನೆಯೇ ಎಂಬುದರ ಮೇಲೆ ಆ ರಾತ್ರಿ ನಿಂತಿರುತ್ತದೆ. ಒಬ್ಬ ಎಸೆದ ಮಾತನ್ನು ಇನ್ನೊಬ್ಬ ಹಿಡಿದು ಎತ್ತಬೇಕು. ಹಿಡಿಯದೆ ಬಿಟ್ಟರೆ ಭಾಗವತರ ಪದವೂ ಎತ್ತಲಾರದು.

ಆಟದ ಲೋಕದಲ್ಲೂ ಇದನ್ನು ಗಮನಿಸಿ ಬರೆದವರಿದ್ದಾರೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಮಡ್ ಎಂಬ, ಬರೀ ಅಕ್ಷರಗಳಲ್ಲಿ ನಡೆಯುವ ಆಟ ಹುಟ್ಟಿತು. ಹಲವರು ಒಟ್ಟಿಗೆ ಒಂದೇ ಕಾಲ್ಪನಿಕ ಲೋಕದಲ್ಲಿ ಓಡಾಡಬಹುದಾದ ಮೊದಮೊದಲ ಆಟಗಳಲ್ಲಿ ಅದು ಒಂದು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ರಿಚರ್ಡ್ ಬಾರ್ಟಲ್ 1996ರಲ್ಲಿ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಸಾಧಿಸಲು ಬಂದವರು, ಸುತ್ತಿ ನೋಡಲು ಬಂದವರು, ಬೆರೆಯಲು ಬಂದವರು, ಇನ್ನೊಬ್ಬರನ್ನು ಕೆಡವಲು ಬಂದವರು. ನಮ್ಮ ಮೇಷ್ಟ್ರು ಸುತ್ತಿ ನೋಡುವವರು. ಮೈನ್‌ಕ್ರಾಫ್ಟ್‌ನಲ್ಲಿ ನಾವು ಮನೆ ಕಟ್ಟುತ್ತಿದ್ದರೆ ಅವರು ಗುಹೆಯೊಳಗೆ ಎಲ್ಲೋ ದಾರಿ ತಪ್ಪಿರುತ್ತಾರೆ. ಚಿಕ್ಕಪ್ಪನ ಮಗ ಸಾಧಿಸುವವನು. ಮೊದಲ ತಿಂಗಳು ಇಬ್ಬರಿಗೂ ಒಳಗೊಳಗೇ ಕಸಿವಿಸಿ. ಯಾರು ಯಾಕೆ ಬಂದಿದ್ದೇವೆ ಎಂದು ಬಾಯಿಬಿಟ್ಟು ಹೇಳಿಕೊಂಡ ಮೇಲೆ ಸರಿಹೋಯಿತು. ಈಗ ಮೊದಲ ಒಂದು ಗಂಟೆ ಗೆಲ್ಲುವುದಕ್ಕೆ, ಆಮೇಲಿನದು ಅಲೆಯುವುದಕ್ಕೆ.

ಅಪರಿಚಿತರೊಂದಿಗೆ ಆಡಿ ಸಂತೋಷಪಡಲು ಸಾಧ್ಯವೇ ಇಲ್ಲವೇ?

ಸಾಧ್ಯ. ಆದರೆ ಆಗ ಜೊತೆಗಾರರ ಸಜ್ಜನಿಕೆಯ ಭಾರವನ್ನು ಆಟವೇ ಹೊರಬೇಕಾಗುತ್ತದೆ.

2012ರ ಜರ್ನಿ ಎಂಬ ಆಟವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಮರಳುಗಾಡಿನಲ್ಲಿ ದೂರದ ಬೆಟ್ಟದತ್ತ ನಡೆಯುವ ಯಾತ್ರೆ ಅದು. ದಾರಿಯಲ್ಲಿ ಇನ್ನೊಬ್ಬ ಯಾತ್ರಿ ಸಿಗುತ್ತಾರೆ, ಅವರು ಜಗತ್ತಿನ ಎಲ್ಲೋ ಕೂತಿರುವ ನಿಜವಾದ ಮನುಷ್ಯ. ಹೆಸರು ಕಾಣುವುದಿಲ್ಲ, ಮಾತನಾಡುವಂತಿಲ್ಲ, ಬರೆಯುವಂತಿಲ್ಲ. ಗಂಟೆಯ ನಾದದಂಥ ಒಂದು ಸದ್ದು ಹೊರಡಿಸಬಹುದು, ಅಷ್ಟೇ. ಹತ್ತಿರ ಹತ್ತಿರ ನಡೆದರೆ ಇಬ್ಬರ ಕೊರಳ ವಸ್ತ್ರಕ್ಕೂ ಹಾರುವ ಶಕ್ತಿ ತುಂಬುತ್ತದೆ. ಇದನ್ನು ರೂಪಿಸಿದವರ ಮೊದಲ ಮಾದರಿಯಲ್ಲಿ ಆಟಗಾರರು ಒಬ್ಬರನ್ನೊಬ್ಬರು ತಳ್ಳಬಹುದಿತ್ತಂತೆ. ಸಹಾಯ ಮಾಡಲೆಂದು ಇಟ್ಟ ಆ ಅವಕಾಶವನ್ನು ಜನ ಜೊತೆಗಾರರನ್ನು ಅಪಾಯಕ್ಕೆ ನೂಕಲು ಬಳಸಿಕೊಂಡರು. ರೂಪಿಸಿದವರು ತಳ್ಳುವ ಸಾಧ್ಯತೆಯನ್ನೇ ತೆಗೆದುಹಾಕಿದರು. ಆಡುತ್ತಿದ್ದವರ ಸ್ವಭಾವವನ್ನು ಯಾರೂ ತಿದ್ದಲಿಲ್ಲ, ನಿಯಮ ಬದಲಾಯಿತು, ಜನ ಒಳ್ಳೆಯ ಜೊತೆಗಾರರಾದರು. ಮುಗಿಯುವಾಗ ಮಾತ್ರ ನಿಮ್ಮೊಡನೆ ನಡೆದವರ ಹೆಸರು ಪರದೆಯ ಮೇಲೆ ಬರುತ್ತದೆ. ಹಿಮದ ಹಂತದಲ್ಲಿ ನನ್ನನ್ನು ಬಿಟ್ಟು ಹೋಗದೆ ಪಕ್ಕದಲ್ಲೇ ತೆವಳಿದವರ ಹೆಸರು ನೋಡಿ ನನಗೆ ಗಂಟಲು ಕಟ್ಟಿತ್ತು.

2019ರ ಡೆತ್ ಸ್ಟ್ರ್ಯಾಂಡಿಂಗ್ ನಮ್ಮ ಊರಿನವರಿಗೆ ಇನ್ನೂ ಬೇಗ ಅರ್ಥವಾದೀತು. ಹೊರೆ ಹೊತ್ತು ಗುಡ್ಡ, ಹಳ್ಳ ದಾಟಿ ಸಾಮಾನು ಮುಟ್ಟಿಸುವುದು ಅದರ ಕೆಲಸ. ನಿಮ್ಮ ಲೋಕದಲ್ಲಿ ಬೇರೆ ಆಟಗಾರರು ಎದುರಾಗುವುದೇ ಇಲ್ಲ. ಆದರೆ ಅವರು ಇಟ್ಟ ಏಣಿ, ಬಿಟ್ಟ ಹಗ್ಗ, ಕಟ್ಟಿದ ಸೇತುವೆ ನಿಮ್ಮ ದಾರಿಯಲ್ಲಿ ಕಾಣುತ್ತವೆ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಅಡಿಕೆ ಮರ ಹಾಕಿ ಕಾಲುಸಂಕ ಕಟ್ಟುತ್ತಾರಲ್ಲ, ಹಾಗೆ. ಹಳ್ಳ ತುಂಬಿ ಹರಿಯುವ ದಿನ ಅದರ ಮೇಲೆ ಶಾಲೆಗೆ ಹೋಗುವ ಮಗುವಿಗೆ ಕಟ್ಟಿದವರು ಯಾರೆಂದು ಗೊತ್ತಿರಬೇಕಿಲ್ಲ. ಇಂಥ ಜೊತೆಯೂ ಜೊತೆಯೇ ಎಂದು ಈ ಆಟದಿಂದ ನಾನು ಒಪ್ಪಿಕೊಂಡೆ. ಅದಕ್ಕೆ ಮುಂಚೆ ಗೆಳೆಯರಿಲ್ಲದೆ ಏನೂ ಇಲ್ಲ ಎಂದು ವಾದಿಸುತ್ತಿದ್ದೆ.

ಐದು ಜನರ ತಂಡ ಬೇಕಾಗುವ, ನಲವತ್ತು ನಿಮಿಷ ನಡೆಯುವ ಡೋಟಾ 2ರಂಥ ಆಟಗಳ ವಿಷಯ ಬೇರೆ. ಅಲ್ಲಿ ಒಬ್ಬನ ತಪ್ಪಿಗೆ ಉಳಿದ ನಾಲ್ವರ ಮುಕ್ಕಾಲು ಗಂಟೆ ಹೋಗುತ್ತದೆ, ಹಾಗಾಗಿ ಸಿಟ್ಟು ಬೇಗ ಹತ್ತಿಕೊಳ್ಳುತ್ತದೆ. ಅವುಗಳಿಗೆ ಒಬ್ಬಂಟಿಯಾಗಿ ಹೋಗಬೇಡಿ, ಗುರುತಿನವರು ಒಬ್ಬರಾದರೂ ಇರಲಿ.

ನಾನು ಯಾರೊಂದಿಗೂ ಮಾತನಾಡುವುದಿಲ್ಲ. ಆದರೂ ಜನರಿರುವ ಆಟವೇ ಇಷ್ಟ. ಇದು ವಿಚಿತ್ರವೇ?

ಏನೂ ವಿಚಿತ್ರವಿಲ್ಲ. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ದೊಡ್ಡ ಆಟವನ್ನು ಅಮೆರಿಕದ ಸಂಶೋಧಕರು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದ ಬರಹದಲ್ಲಿ ಇದೇ ಕಂಡುಬಂದಿತ್ತು. ಅಲ್ಲಿನ ಜನ ತಮ್ಮ ಹೆಚ್ಚಿನ ಸಮಯವನ್ನು ಗುಂಪಿನಲ್ಲಿ ಆಡದೆ, ಜನರ ನಡುವೆ ಒಬ್ಬರೇ ಆಡುತ್ತ ಕಳೆಯುತ್ತಿದ್ದರು. ಸುತ್ತಲಿನವರು ಅವರಿಗೆ ಪ್ರೇಕ್ಷಕರಾಗಿ, ಗದ್ದಲವಾಗಿ, ನೋಡಲೊಂದು ನೋಟವಾಗಿ ಬೇಕಿತ್ತು. ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆಗೆ ಒಬ್ಬರೇ ಹೋಗಿ, ಯಾರನ್ನೂ ಮಾತನಾಡಿಸದೆ ಎರಡು ಗಂಟೆ ಸುತ್ತಾಡಿ, ತೃಪ್ತಿಯಿಂದ ಬಸ್ ಹತ್ತುವವರು ಎಷ್ಟಿಲ್ಲ? ಜಾತ್ರೆಯ ಬಯಲು ಖಾಲಿಯಿದ್ದರೆ ಅವರೂ ಹೋಗುತ್ತಿರಲಿಲ್ಲ.

ಬೈಯುವವರು, ಕಾಡುವವರು ಸಿಕ್ಕರೆ?

ಕೂಡಲೇ ಅವರ ದನಿ ನಿಲ್ಲಿಸಿ, ದೂರು ಕೊಡುವ ಗುಂಡಿ ಒತ್ತಿ, ಮುಂದೆ ಹೋಗಿ. ವಾದಿಸಬೇಡಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನನ್ನ ಸೋದರತ್ತೆಯ ಮಗಳು ನಮ್ಮೆಲ್ಲರಿಗಿಂತ ಚೆನ್ನಾಗಿ ವ್ಯಾಲೊರಂಟ್ ಆಡುತ್ತಾಳೆ. ಅವಳು ಮೈಕ್ ಹಾಕುವುದಿಲ್ಲ. ಹೆಣ್ಣು ದನಿ ಕೇಳಿದ ಕೂಡಲೇ ಒಬ್ಬ ಅಣಕಿಸುತ್ತಾನೆ, ಇನ್ನೊಬ್ಬ ನಂಬರ್ ಕೇಳುತ್ತಾನೆ, ಮೂರನೆಯವನು ಸೋಲನ್ನೆಲ್ಲ ಅವಳ ತಲೆಗೆ ಕಟ್ಟುತ್ತಾನೆ. ಶತ್ರು ಎಲ್ಲಿದ್ದಾನೆಂದು ಬಾಯಿಯಲ್ಲಿ ಹೇಳುವುದೇ ಅರ್ಧ ಆಟವಾಗಿರುವ ಕಡೆ ಅವಳು ಪರದೆಯ ಮೇಲೆ ಗುರುತು ಹಾಕಿ ತೋರಿಸುತ್ತ ಆಡಬೇಕಾಗಿದೆ. ಆಟದ ಸಂತೋಷ ಜೊತೆಯ ಮೇಲೆ ನಿಂತಿದೆ ಎಂದು ನಾವು ಹಗುರವಾಗಿ ಹೇಳಿಬಿಡುತ್ತೇವೆ. ಕೆಟ್ಟ ಜೊತೆ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಸಿಗುವುದಿಲ್ಲ ಎಂಬುದು ಅವಳ ಪಕ್ಕದಲ್ಲಿ ಕೂತು ಒಂದು ಸಂಜೆ ಕೇಳಿದ ಮೇಲೆಯೇ ನನಗೆ ಹೊಳೆದದ್ದು. ನಿಮ್ಮ ತಂಡದಲ್ಲಿ ಯಾರಾದರೂ ಹೀಗೆ ಮಾತನಾಡಿದರೆ ಸುಮ್ಮನಿರಬೇಡಿ. ಅಪರಿಚಿತ ಹುಡುಗಿಯ ಪರವಾಗಿ ತಂಡದೊಳಗಿನ ಒಂದು ದನಿ ಎದ್ದರೂ ಆ ಪಂದ್ಯದ ಹವೆ ಬದಲಾಗುತ್ತದೆ, ನಾನೇ ಕಂಡಿದ್ದೇನೆ.

ನಮ್ಮೂರಿನಲ್ಲಿ ಸಿಗ್ನಲ್ಲೇ ಸರಿಯಿಲ್ಲ. ಜೊತೆಯಿದ್ದು ಏನು ಪ್ರಯೋಜನ?

ಈ ಕಷ್ಟ ನಗರದವರಿಗೆ ತಿಳಿಯದು. ಪುನರ್ವಸು ಮಳೆ ಹಿಡಿದಾಗ ಎಲ್ಲೋ ಒಂದು ಮರ ತಂತಿಯ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ, ಅದರ ಹಿಂದೆ ಇಂಟರ್ನೆಟ್ಟೂ ಹೋಗುತ್ತದೆ. ತೀರ್ಥಹಳ್ಳಿಯ ಗೆಳೆಯನ ಮನೆಯಿಂದ ಪಕ್ಕದ ಮನೆಗೆ ಒಂದು ತೋಟ, ಒಂದು ಹಳ್ಳ, ಒಂದು ಗುಡ್ಡ. ಇಂಥ ಒಂಟಿ ಮನೆಗಳ ಊರಿನಲ್ಲಿ ಸಂಜೆ ಜೊತೆ ಸೇರಲು ಫೋನೇ ಜಗಲಿ, ಆ ಜಗಲಿಯೇ ಮಳೆಗೆ ಸೋರುತ್ತದೆ.

ನಾವು ಕಂಡುಕೊಂಡ ದಾರಿಗಳು ಹೀಗಿವೆ. ಆಟದ ಸರ್ವರ್, ಅಂದರೆ ಎಲ್ಲರನ್ನೂ ಜೋಡಿಸಿ ಆಟ ನಡೆಸುವ ದೂರದ ಕಂಪ್ಯೂಟರ್, ಹತ್ತಿರವಿರಲಿ. ಮುಂಬೈ ಎಂದು ಆರಿಸಿಕೊಳ್ಳಲು ಬಂದರೆ ಅದನ್ನೇ ಆರಿಸಿ. ರೂಟರಿಗೆ ಒಂದು ಸಣ್ಣ ಬ್ಯಾಟರಿ ಜೋಡಿಸಿದರೆ ಅರ್ಧ ಗಂಟೆಯ ಕರೆಂಟು ಕಡಿತವನ್ನು ದಾಟಬಹುದು. ಕಣ್ಣು ಮಿಟುಕಿಸುವುದರೊಳಗೆ ಗುಂಡು ಹಾರಿಸಬೇಕಾದ ಆಟಗಳನ್ನು ಬೇಸಿಗೆಗೆ ಇಟ್ಟುಕೊಳ್ಳಿ. ಮಳೆಗಾಲಕ್ಕೆ ಸರದಿಯಂತೆ ನಡೆಯುವ ಆಟಗಳು ಒಳ್ಳೆಯವು. ಅಂತರ್ಜಾಲದ ಚದುರಂಗದಲ್ಲಿ ಒಂದು ನಡೆಗೆ ಮೂರು ದಿನದ ಗಡುವು ಇಟ್ಟುಕೊಳ್ಳಬಹುದು, ಗುಡ್ಡದ ನೆತ್ತಿಗೆ ಹೋದಾಗ ಸಿಗ್ನಲ್ ಸಿಕ್ಕರೆ ಸಾಕು. ಒಂದೇ ಮನೆಯಲ್ಲಿ ಸೇರಿದ್ದರೆ ಇಂಟರ್ನೆಟ್ಟೇ ಬೇಡ. ಮಿನಿ ಮಿಲಿಷಿಯಾ ಒಬ್ಬರ ಹಾಟ್‌ಸ್ಪಾಟಿನಲ್ಲೇ ನಡೆಯುತ್ತದೆ. ಹಾಸ್ಟೆಲ್‌ನಲ್ಲಿದ್ದವರಿಗೆ ಇದು ಚೆನ್ನಾಗಿ ಗೊತ್ತು.

ಮುಖ್ಯವಾಗಿ, ನಡುವೆ ಕಡಿದುಹೋದವನನ್ನು ದೂರಬೇಡಿ. ನಮ್ಮ ತಂಡದಲ್ಲಿ ‘ಕರೆಂಟು ಹೋಯಿತು’ ಎಂಬುದಕ್ಕೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ.

ಎಷ್ಟು ಮಂದಿ ಇದ್ದರೆ ಚೆನ್ನ?

ನಾಲ್ಕು. ಆರಾದರೆ ಇಬ್ಬರು ಮಾತನಾಡುತ್ತಾರೆ, ನಾಲ್ವರು ಕೇಳುತ್ತಾರೆ. ಅಮಾಂಗ್ ಅಸ್‌ನಂಥ ಆಟಕ್ಕೆ ಮಾತ್ರ ಎಂಟು ಹತ್ತು ಜನ ಬೇಕು, ಕಡಿಮೆಯಾದರೆ ಸುಳ್ಳು ಹೇಳಲು ಜಾಗವಿರುವುದಿಲ್ಲ.

ಎದುರೆದುರು ಕೂತು ಆಡುವುದಕ್ಕೂ ದೂರದಿಂದ ಆಡುವುದಕ್ಕೂ ಅಷ್ಟು ವ್ಯತ್ಯಾಸವಿದೆಯೇ?

ಇದೆ. ದುರ್ಗಿಗುಡಿಯ ಹತ್ತಿರ ಒಂದು ಸೈಬರ್ ಕೆಫೆಯಿತ್ತು. ಮಹಡಿಯ ಮೇಲೆ ಹತ್ತು ಕಂಪ್ಯೂಟರ್, ನಡುವೆ ಪ್ಲೈವುಡ್ಡಿನ ಗೋಡೆ. ಕಾಲೇಜು ಮುಗಿಸಿ ಹೋಗಿ ಕೌಂಟರ್ ಸ್ಟ್ರೈಕ್ 1.6 ಆಡುತ್ತಿದ್ದೆವು. ಬೆಂಚಿನ ಆ ತುದಿಯಲ್ಲಿ ಕೂತವನು ನಮ್ಮನ್ನು ಹೊಡೆದರೆ ಅವನ ಕುರ್ಚಿ ಕಿರುಗುಟ್ಟುವುದು ಕೇಳುತ್ತಿತ್ತು. ಸೋತವರು ಗೆದ್ದವರಿಗೆ ಕೆಳಗಿನ ಅಂಗಡಿಯಲ್ಲಿ ಖಾರ ಮಂಡಕ್ಕಿ ಕೊಡಿಸಬೇಕು. ಬೈದರೂ ಅದೇ ಮಂಡಕ್ಕಿಯ ಪೊಟ್ಟಣಕ್ಕೆ ಕೈ ಹಾಕಬೇಕಾಗಿದ್ದರಿಂದ ಬೈಗುಳಕ್ಕೆ ಒಂದು ಮಿತಿಯಿತ್ತು. ದೂರದಿಂದ ಆಡುವಾಗ ಕಳೆದುಹೋದದ್ದು ಆ ಮಿತಿ ಎಂದು ನನಗೆ ಅನ್ನಿಸುತ್ತದೆ. ಹಾಗಾಗಿಯೇ ನಮ್ಮ ತಂಡ ವರ್ಷಕ್ಕೊಮ್ಮೆಯಾದರೂ ಒಂದು ಮನೆಯಲ್ಲಿ ಸೇರುತ್ತದೆ. ಹೋದ ಸಲ ತೀರ್ಥಹಳ್ಳಿಯ ಮನೆಯಲ್ಲಿ ಸೇರಿದ್ದೆವು. ಆಡಿದ್ದು ಒಂದು ಗಂಟೆ, ಉಳಿದ ರಾತ್ರಿಯೆಲ್ಲ ಜಗಲಿಯಲ್ಲಿ ಮಾತು.

ನನ್ನ ಮಗ ರಾತ್ರಿ ಹೊತ್ತು ಯಾರೊಂದಿಗೋ ಆಡುತ್ತಾನೆ. ಚಿಂತೆ ಮಾಡಬೇಕೇ?

ಎಷ್ಟು ಹೊತ್ತು ಎಂದು ಕೇಳುವ ಮೊದಲು ಯಾರೊಂದಿಗೆ ಎಂದು ಕೇಳಿ. ತನ್ನ ತರಗತಿಯ ಮೂವರು ಎಂದು ಹೆಸರು ಹೇಳಿದರೆ, ಅದು ಬಯಲಿನ ಕ್ರಿಕೆಟ್ಟಿನಷ್ಟೇ ಸಹಜ. ಹೆಸರು ಗೊತ್ತಿಲ್ಲದ ದೊಡ್ಡವರು, ಫೋಟೊ ಕೇಳುವವರು, ಹಣ ಅಥವಾ ಉಡುಗೊರೆಯ ಆಸೆ ತೋರಿಸುವವರು ಅಲ್ಲಿದ್ದರೆ ಖಂಡಿತ ಎಚ್ಚರ ಬೇಕು. ಒಂದು ಸಂಜೆ ಫೋನ್ ಕಸಿಯದೆ ಪಕ್ಕದಲ್ಲಿ ಕೂತು ನೋಡಿ, ಇಯರ್‌ಫೋನ್ ತೆಗೆಸಿ ದನಿ ಕೇಳಿಸಿಕೊಳ್ಳಿ. ಹತ್ತು ನಿಮಿಷದಲ್ಲಿ ಜೊತೆ ಎಂಥದು ಎಂದು ತಿಳಿಯುತ್ತದೆ. ಬ್ಯಾಟಲ್‌ಗ್ರೌಂಡ್ಸ್‌ನಲ್ಲಿ 18 ದಾಟದವರಿಗೆ ದಿನಕ್ಕೆ ಮೂರು ಗಂಟೆಯ ಮಿತಿಯಿದೆ. ಅಪ್ಪ ಅಮ್ಮನ ಹೆಸರಿನ ಖಾತೆಯಲ್ಲಿ ಆಡಿದರೆ ಆ ಮಿತಿ ಕೆಲಸ ಮಾಡುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ಹಣ ಕಟ್ಟಿ ಆಡುವ ರಮ್ಮಿಯಂಥವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ, ಇ-ಸ್ಪೋರ್ಟ್ಸ್ ಎಂಬ ವಿಡಿಯೊ ಗೇಮ್ ಸ್ಪರ್ಧೆಗಳನ್ನು ಮತ್ತು ಸಾಮಾಜಿಕ ಆಟಗಳನ್ನು ಬೇರೆಯಾಗಿ ಗುರುತಿಸಿದೆ. ದುಡ್ಡು ನಡುವೆ ಬಂದ ಕಡೆ ಎದುರು ಕೂತವರು ಜೊತೆಗಾರರಾಗಿ ಉಳಿಯುವುದಿಲ್ಲ.

ಗೆಳೆಯರೆಲ್ಲ ಚದುರಿಹೋಗಿದ್ದಾರೆ. ಈಗ ಜೊತೆಯನ್ನು ಎಲ್ಲಿಂದ ತರುವುದು?

ಈ ಪ್ರಶ್ನೆ ಕೇಳುವವರು ಬಹಳ. ಮದುವೆ, ಮಗು, ಪಾಳಿ, ವಯಸ್ಸಾದ ತಂದೆ ತಾಯಿ, ಹೀಗೆ ಪ್ರತಿಯೊಬ್ಬರಿಗೂ ಒಂದು ಕಾರಣವಿರುತ್ತದೆ ಮತ್ತು ಎಲ್ಲ ಕಾರಣಗಳೂ ನಿಜ.

ನಮಗೆ ನೆರವಾದದ್ದು ದಿನ ಗೊತ್ತುಮಾಡಿಕೊಂಡದ್ದು. ‘ಯಾವಾಗಲಾದರೂ ಆಡೋಣ’ ಎಂದವರು ಎಂದೂ ಆಡುವುದಿಲ್ಲ. ಶುಕ್ರವಾರ ಒಂಬತ್ತು ಗಂಟೆ ಎಂದರೆ ಇಬ್ಬರಾದರೂ ಬರುತ್ತಾರೆ. ಆಟ ಯಾವುದೆಂದು ಮೊದಲೇ ಹಟ ಹಿಡಿಯಬೇಡಿ. ಇದ್ದವರಲ್ಲಿ ಎಲ್ಲರಿಗಿಂತ ಹಳೆಯ ಫೋನ್ ಯಾರದೋ, ಅದರಲ್ಲಿ ನಡೆಯುವ ಆಟವನ್ನು ಆರಿಸಿ. ಹೊಸಬರನ್ನು ಕರೆದರೆ ಮೊದಲ ದಿನ ಕಲಿಸಲು ಹೋಗದೆ ಜೊತೆಗೆ ಅಲೆಯಿರಿ. ಸಾಗರದ ಮೇಷ್ಟ್ರು ಮೊದಲ ದಿನ ಬಂದಾಗ ಅವರ ಮೈಕ್ ಕೆಟ್ಟಿತ್ತು. ನಾವು ಕೇಳಿದ ಪ್ರತಿಯೊಂದಕ್ಕೂ ಆಟದೊಳಗಿನ ಅವರ ಬೊಂಬೆ ಎರಡು ಸಲ ನೆಗೆದು ಹೌದೆನ್ನುತ್ತಿತ್ತು, ಒಂದು ಸಲ ಕೂತು ಅಲ್ಲವೆನ್ನುತ್ತಿತ್ತು. ಹೊಸ ಮೈಕ್ ಬಂದ ಮೇಲೂ ಅವರು ಮಾತನಾಡುವ ಮೊದಲು ಎರಡು ಸಲ ನೆಗೆಯುತ್ತಾರೆ.

ಭದ್ರಾವತಿಯವನು ತಂಡಕ್ಕೆ ಮರಳಲು ಆಗಲೇ ಇಲ್ಲ. ನಮಗೆ ರಾತ್ರಿ ಒಂಬತ್ತಾದಾಗ ಮಸ್ಕತ್‌ನಲ್ಲಿ ಏಳೂವರೆ, ಅವನು ಆಗಿನ್ನೂ ಕೆಲಸದಲ್ಲಿರುತ್ತಾನೆ. ಅವನೊಂದಿಗೆ ಉಳಿದಿರುವುದು ಚದುರಂಗ, ನಡೆಗೆ ಮೂರು ದಿನ. ಕಾದಾಟದಲ್ಲಿ ಜೀಪು ನುಗ್ಗಿಸುತ್ತಿದ್ದವನು ಇಲ್ಲೂ ಕುದುರೆಗಳನ್ನು ಹಾಗೆಯೇ ನುಗ್ಗಿಸುತ್ತಾನೆ. ಮೊನ್ನೆ ಬೆಳಿಗ್ಗೆ ಅವನ ಕುದುರೆ ಯಾವ ಕಾವಲೂ ಇಲ್ಲದೆ ನನ್ನ ರಾಜನ ಪಕ್ಕಕ್ಕೆ ಬಂದು ನಿಂತಿದೆ. ಅದನ್ನು ಹೊಡೆಯಬೇಕೋ ಬಿಡಬೇಕೋ ಎಂದು ಎರಡು ದಿನದಿಂದ ನೋಡುತ್ತಿದ್ದೇನೆ, ಗಡುವು ನಾಳೆ ಬೆಳಿಗ್ಗೆ.